ಚಾಲೂ ಇಟ್ಟ ಗಾಡಿ

ಬಂಕಾಪುರ ಕ್ರಾಸಿನ್ಯಾಗ ಸವಣೂರಿಗೆ ಹೋಗೂ ಟಂಟಂ ಆಟೋ ಹತ್ತಿ ಕುಂತೇನ್ರಿ. ಗಾಡಿ ಹೊಂಡವಲ್ದು, ಬರೇ ಗುರುಗುಡ್ತೈತಿ. ನಮ್ಮ ಕಡೆ ಇದೊಂದು ಪದ್ಧತಿ. ಇಂಜಿನ್ ಬಂದ್ ಇದ್ರ ಮಂದಿ ಹತ್ತಂಗಿಲ್ಲ, ಇದು ಈಗ ಬಿಡೂ ಗಾಡಿ ಅಲ್ಲ ಅಂತ ಮುಂದಿನದಕ್ಕ ಹೋಗ್ತಾರ. ಅದಕ್ಕ ಡ್ರೈವರ್ ಚಾಲೂ ಇಟ್ಟು, ನಡುನಡುವ ರೇಸ್ ಕೊಟ್ಟು, ಈಗ ಬಿಟ್ಟೆ, ಆಗ ಬಿಟ್ಟೆ ಅಂತ ಆಸೆ ಹಚ್ಚತಾನ. ಗಾಡಿ ಇದ್ದಲ್ಲೇ ಇರ್ತೈತಿ, ಹೊಗಿ ಅಷ್ಟ ಹೊಂಟಿರ್ತೈತಿ. ಬ್ಯಾರೆಯವರಿಗೆ ತೀರಿಹೋದವರು ಊದಿನಕಡ್ಡಿ ವಾಸನಿಗೆ ನೆನಪಾಗ್ತಾರೇನೋ, ನನಗ ನಮ್ಮ ನೀಲಕ್ಕ ಡೀಸೆಲ್ ಹೊಗಿಗೆ ನೆನಪಾಗ್ತಾಳ. ನಸೀಬ, ಏನ್ ಮಾಡೂದು.

ನೀಲಕ್ಕ ನನ್ನ ಒಡಹುಟ್ಟಿದ ಅಕ್ಕ. ಇದ ಕ್ರಾಸಿನ್ಯಾಗ, ಟಂಟಂ ನಿಲ್ಲೂ ಜಾಗಕ್ಕ ಹತ್ತಿಕೊಂಡ, ಬುಟ್ಟಿ ಇಟ್ಟು ಸವಣೂರ ವೀಳ್ಯದೆಲಿ ಮಾರ್ತಿದ್ಲು. ಸೈಲೆನ್ಸರ್ ಬಾಯಿ ನೆಟ್ಟಗ ಆಕಿ ಮಾರಿಗೆ. ಮಧ್ಯಾಹ್ನ ಆಗೂದ್ರಾಗ ಎಲಿ ಮ್ಯಾಲ ಮಸಿ ಕುಂಡ್ರತಿತ್ತು. ಹಸಿ ಅರಿವಿಯಿಂದ ಒಂದೊಂದ ಎಲಿ ಒರಸಿ ಮತ್ತ ಜೋಡಸಾಕಿ.

ಆಕಿಗೆ ಎದಿ ಹಿಡಿಯಾಕ ಹತ್ತಿದಾಗ ನಾವೆಲ್ಲಾ ಗ್ಯಾಸ್ ಅಂದ್ವಿ. ನಮ್ಮೂರಾಗ ಹೊಟ್ಟಿಯಿಂದ ಮ್ಯಾಲ ಏನ್ ನೋವಾದ್ರೂ ಗ್ಯಾಸ್, ಎಲ್ಲಾದಕ್ಕೂ ಸೋಡಾ. ಕುಡಿಸಿದ್ವಿ, ತೇಗಿದ್ಲು, ನೋವು ಇಳೀಲಿಲ್ಲ, ಮೈ ಬೆವರಾಕ ಹತ್ತಿತು. ಶಿಗ್ಗಾಂವಿ ಡಾಕ್ಟರು ಇಸಿಜಿ ತಗದು, ಔಷಧ ಕೊಟ್ಟು, ಕೆಲಸ ಎಲ್ಲಿ ಮಾಡ್ತೀರಿ ಅಂತ ಕೇಳಿದ್ರು.

"ಅಕ್ಕಾರ, ಮೊದಲ ಬಿ.ಪಿ. ಐತಿ, ಅದರ ಮ್ಯಾಲ ಈ ಹೊಗಿ. ಅದರಾಗಿನ ಸಣ್ಣ ಧೂಳು ಪುಪ್ಪುಸದಾಗ ನಿಲ್ಲಂಗಿಲ್ಲ, ರಕ್ತಕ್ಕ ಇಳೀತೈತಿ, ರಕ್ತನಾಳ ಕೆಡಸ್ತೈತಿ. ಜಾಗಾ ಬದಲ್ ಮಾಡ್ರಿ."

"ಹೊಗಿಗೆ ಕೆಮ್ಮು ಬರ್ತೈತ್ರಿ ಸಾಹೇಬ್ರ, ಎದಿ ಕೆಡೂದು ಚಿಂತಿಗೆ," ಅಂದ್ಲು ಅಕ್ಕ. "ನನಗ ಕೆಮ್ಮೂ ಇಲ್ಲ, ಚಿಂತೀನೂ ಇಲ್ಲ."

ಅಂದ್ರೂ ಕೆಲವು ದಿನ ರಸ್ತೆ ಆಚೆ ಬೇವಿನ ಗಿಡದ ಬುಡಕ್ಕ ಕುಂತ್ಲು. ಹೈವೇ ಮಂದಿ ಎಲಿ ಸಲುವಾಗಿ ರಸ್ತೆ ದಾಟ್ತಾರೇನ್ರಿ? ತಿರುಗಿ ಹಳೇ ಜಾಗಕ್ಕ ಬಂದ್ಲು. ಟಂಟಂ ಓಡಸೂ ಮೌಲಾಸಾಬ ಒಳ್ಳೇ ಮನಷ್ಯಾ, ಆಕಿ ಮಾರಿ ನೋಡಿ ಇಂಜಿನ್ ಬಂದ್ ಮಾಡಿದ. ಅಕ್ಕನೇ ಬ್ಯಾಡ ಅಂದ್ಲು.

"ಚಾಲೂ ಇಡೋ ಮೌಲಾ. ಬಂದಾದ್ರ ಮಂದಿ ಇಳದು ಎಲಿ ತಿರುವಿ ತಿರುವಿ ಆರಸ್ತಾರ, ಚೌಕಾಶಿ ಮಾಡ್ತಾರ. ಗಾಡಿ ಗುರುಗುಡತಿದ್ರ ಗಡಬಡಿಲೇ ಸಿಕ್ಕಿದ್ದ ಒಯ್ತಾರ."

ನನಗ ಸಿಟ್ಟು ನೆತ್ತಿಗೇರಿತು. "ಎಲಿ ಮ್ಯಾಲಿನ ಮಸಿ ಒರಸ್ತಿ, ಒಳಗ ಹೋದದ್ದಕ್ಕ ಏನ್ ಮಾಡ್ತಿ?" ಅಂದೆ.

"ಸಂಜೀಕ ಎಲಿ ಉಳದ್ರ ನೀ ತಿಂತೀಯೇನ?" ಅಂದ್ಲು. ಜಗಳಕ್ಕ ನಾ ಯಾವತ್ತೂ ಮುಂದು, ಉತ್ತರಕ್ಕ ಹಿಂದು. ಅರಿವಿ ಹಸಿ ಮಾಡಿ ಆಕಿ ಕೈಗೆ ಕೊಟ್ಟೆ.

ಎರಡನೇ ಸಲ ಎದಿ ಹಿಡದದ್ದು ಅದ ಜಾಗದಾಗ, ಅರಿವಿ ಕೈಯಾಗಿತ್ತು. ಮೌಲಾಸಾಬನ ಗಾಡಿಯಾಗ ಹಾಕ್ಕೊಂಡು ಶಿಗ್ಗಾಂವಿಗೆ ಹೊಂಟ್ವಿ. ಅವತ್ತ ಅವ ಸೀಟು ತುಂಬೂ ತನಕ ಕಾಯಲಿಲ್ಲ. ಅಕ್ಕ ದಾರ್ಯಾಗ ಹೋದ್ಲು.

ಬೈಯೂದಾದ್ರೂ ಯಾರಿಗೆ? ಬಿ.ಪಿ. ಇತ್ತು, ವಯಸ್ಸಾಗಿತ್ತು, ಹೊಗಿ ಇತ್ತು. ಹೊಟ್ಟಿ ಎಲ್ಲಾರಿಗೂ ಇತ್ತು. ಇದನ್ನ ಲೆಕ್ಕ ಹಾಕಿ ಹಾಕಿ ನನಗ ಸಾಕಾಗೇತಿ.

ಇವತ್ತ ಡ್ರೈವರ್ ಮತ್ತೊಮ್ಮೆ ರೇಸ್ ಕೊಟ್ಟ. ಅಕ್ಕ ಕುಂದ್ರತಿದ್ದ ಜಾಗದಾಗ ಈಗ ಸೌತಿಕಾಯಿ ಮಾರೂ ಹೆಣಮಗಳು, ಸೆರಗು ಮೂಗಿಗೆ ಒತ್ತಿ ಹಿಡಕೊಂಡ ಕುಂತಾಳ.

"ತಮ್ಮಾ, ಬಂದ್ ಮಾಡಪ," ಅಂದೆ.

"ಮಂದಿ ಇಳೀತಾರ್ರಿ ಕಾಕಾ."

"ಮಾಡಿ ನೋಡು."

ಮಾಡಿದ. ಖರೇನ ಇಳದ್ರು. ಹಿಂದಿನ ಗಾಡಿ ಚಾಲೂ ಇತ್ತು, ಒಬ್ಬೊಬ್ಬರ ಅದಕ್ಕ ಹೋಗಿ ಕುಂತ್ರು. ಡ್ರೈವರ್ ಖಾಲಿ ಸೀಟು ನೋಡಿದ, ನನ್ನ ಮಾರಿ ನೋಡಿದ. "ನೀವೂ ಹೋಗ್ರಿ ಕಾಕಾ, ತಡಾ ಆಕ್ಕೈತಿ."

"ಗಡಬಡಿಲೇ ಒಮ್ಮೆ ಹೋಗಿ ನೋಡೇನಪ, ಶಿಗ್ಗಾಂವಿ ಮುಟ್ಟಲಿಲ್ಲ," ಅಂದೆ. "ಇವತ್ತ ತುಂಬೂ ತನಕ ಕುಂತಿರ್ತೇನಿ. ನೀ ಚಾಲೂ ಮಾಡಬ್ಯಾಡ."