ದೇವರ ಡಬ್ಬಿಯ ಅಕ್ಕಿ

ಸುಶೀಲಾಳ ಕೈಯಿಂದ ಅಕ್ಕಿ ಚೆಲ್ಲಿದ್ದೇ ಮೊದಲ ಸೂಚನೆ. ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕುವುದು ನನ್ನ ಹೆಂಡತಿಯ ರೂಢಿ. ಅದು ದೇವರ ಪಾಲು. ತಿಂಗಳಿಗೊಮ್ಮೆ ಈ ತೆಲುಗು ಊರಿನ ನಮ್ಮ ಕನ್ನಡ ಚರ್ಚಿನ ಹೆಂಗಸರು ಬಂದು ಒಯ್ದು ಇಲ್ಲದವರ ಮನೆಗೆ ಮುಟ್ಟಿಸುತ್ತಾರೆ. ಸನತ್‌ನಗರದಲ್ಲಿ ನಾನು ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೂ ಅವಳ ಹಿಡಿ ಸಣ್ಣದಾಗಿರಲಿಲ್ಲ. "ನಮಗೇ ಗತಿ ಇಲ್ಲ, ದೇವರಿಗ್ಯಾಕ ಉಪಚಾರ?" ಎಂದು ಕುಟುಕುತ್ತಿದ್ದೆ. ನಕ್ಕು ಹಿಡಿಯನ್ನು ಡಬ್ಬಿಗೆ ಸುರಿಯುತ್ತಿದ್ದಳು.

ಆ ಬೆಳಿಗ್ಗೆಯೂ ನಗಲು ನೋಡಿದಳು. ಬಾಯಿ ಒಂದೇ ಕಡೆಗೆ ಎಳೆದುಕೊಂಡಿತು.

ಲಕ್ವಾ.

ಸ್ಕ್ಯಾನ್ ನೋಡಿದ ಡಾಕ್ಟರು, ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಬಲಗೈ ಮತ್ತು ಮಾತು ಎಷ್ಟು ಮರಳುತ್ತವೋ ಹೇಳಲಾರೆ ಎಂದು ತೆಲುಗಿನಲ್ಲಿ ತಿಳಿಸಿದರು. ಹೇಳಲಾರೆ ಅನ್ನಲು ಅಷ್ಟೆಲ್ಲ ಓದಬೇಕಿತ್ತೇ ಎಂದು ಸಿಟ್ಟು ಬಂತು. ಸಿಟ್ಟೊಂದನ್ನು ಬಿಟ್ಟರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಐಸಿಯು ಹೊರಗೆ ಕಣ್ಣು ಮುಚ್ಚಿ ಕೂತೆ. ತಂದೆಯೇ ಎಂದ ಮೇಲೆ ಮುಂದಿನ ಮಾತು ಬರಲಿಲ್ಲ. ನಮ್ಮ ಮನೆಯಲ್ಲಿ ಪ್ರಾರ್ಥನೆ ಯಾವತ್ತೂ ಅವಳ ಇಲಾಖೆ.

ಡಿಸ್ಚಾರ್ಜ್ ಆಗಿ ಬಂದ ಮೇಲೆ ಅಡುಗೆ ನನ್ನ ಪಾಲಿಗೆ ಬಂತು. ಯಾವ ಸಾಮಾನು ಎಲ್ಲಿದೆ ಎಂದೇ ಗೊತ್ತಿಲ್ಲ. ಒಂದು ದಿನ ಅಕ್ಕಿ ಮುಗಿದಿತ್ತು. ಅವಳನ್ನು ಒಬ್ಬಳನ್ನೇ ಬಿಟ್ಟು ಅಂಗಡಿಗೆ ಹೋಗುವಂತಿರಲಿಲ್ಲ. ಕಪಾಟಿನಲ್ಲಿ ಇನ್ನೊಂದು ಡಬ್ಬಿ ಸಿಕ್ಕಿತು. ಯಾವುದೆಂದು ಯೋಚಿಸದೆ ಸುರಿದು ಅನ್ನಕ್ಕಿಟ್ಟೆ.

ಸುಶೀಲಾ ಮಂಚದಿಂದಲೇ ನೋಡುತ್ತಿದ್ದಳು. ತುತ್ತು ಹಿಡಿದರೆ ಬಾಯಿ ಬಿಡಲಿಲ್ಲ. ಎಡಗೈಯನ್ನು ಅಡುಗೆಮನೆ ಕಡೆ ಚಾಚಿ "ಆಂ, ಆಂ" ಎಂದಳು. ನೀರು ತಂದೆ. ದಿಂಬು ಸರಿಸಿದೆ. ಮತ್ತೆ ಸ್ಟ್ರೋಕ್ ಆಯಿತೇನೋ ಎಂದು ಹೆದರಿ ಆಸ್ಪತ್ರೆಗೆ ಫೋನ್ ಮಾಡಿದೆ. ಅವಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವನಿಗೆ ಅವಳಿಗೆ ಏನು ಬೇಕೆಂದು ಗೊತ್ತಾಗಲಿಲ್ಲ. ಅದಕ್ಕಿಂತ ಅಸಹಾಯಕ ಗಳಿಗೆಯನ್ನು ನಾನು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ.

ಮರುದಿನ ಚರ್ಚಿನ ಶಾಂತಮ್ಮಕ್ಕ ಬಂದರು. ಅವರು ನಮ್ಮ ಬೀದರ್ ಕಡೆಯವರೇ. ಅವರ ಕೈಯಲ್ಲಿದ್ದ ಚೀಲ ನೋಡಿದ ಮೇಲೆ ನನಗೆ ಹೊಳೆಯಿತು.

"ಅಕ್ಕಾ, ಈ ಸಲದ್ದು ನಾನೇ ಅನ್ನ ಮಾಡಿ ಉಂಡೀನ್ರಿ."

"ಛಲೋ ಆಯ್ತು ತಗೋ ತಮ್ಮಾ," ಎಂದು ಶಾಂತಮ್ಮಕ್ಕ ಚೀಲವನ್ನು ನನ್ನ ಮುಂದಿಟ್ಟರು. "ನಾ ಒಯ್ಯಾಕ ಬಂದಿಲ್ಲ. ಎಲ್ಲಾರ ಮನೀ ಅಕ್ಕಿ ಈ ಸಲ ನಿಮಗೇ ಅದ."

ಸೋನಾ ಮಸೂರಿ, ನುಚ್ಚು, ರೇಷನ್ ಅಕ್ಕಿ ಎಲ್ಲ ಬೆರೆತಿತ್ತು. ಬೇಡ ಎನ್ನಲು ಬಾಯಿ ಬರಲಿಲ್ಲ, ಬೇಕು ಎನ್ನಲೂ ನಾಚಿಕೆ. ಅವರೆದುರೇ ಅತ್ತುಬಿಟ್ಟೆ.

ಮಾರನೇ ಬೆಳಿಗ್ಗೆ ಆ ಅಕ್ಕಿಯನ್ನು ಅಳೆಯುತ್ತಿದ್ದಾಗ ಸುಶೀಲಾ ಎಡಗೈ ಚಾಚಿ ಮತ್ತೆ "ಆಂ" ಎಂದಳು. ಈ ಸಲ ತಿಳಿಯಿತು.

"ಇದು ನಮಗ ಕೊಟ್ಟಿದ್ದು, ಸುಶೀಲಾ. ಈಗ ಇಲ್ಲದವರು ಅಂದ್ರ ನಾವೇ."

ಚಾಚಿದ ಎಡಗೈಯನ್ನು ಅವಳು ಇಳಿಸಲಿಲ್ಲ.

ಡಬ್ಬಿ, ಅಕ್ಕಿ ಎರಡನ್ನೂ ಮಂಚಕ್ಕೆ ಒಯ್ದೆ. ಅವಳು ಎಡಗೈಯಿಂದ ತೆಗೆದ ಹಿಡಿಯಲ್ಲಿ ಅರ್ಧ ಡಬ್ಬಿಗೆ ಬಿತ್ತು, ಅರ್ಧ ಹಾಸಿಗೆ ಮೇಲೆ. ಅಂದು ಬಾಯಿ ತೆರೆದು ಉಂಡಳು.

ಬಲಗೈಗೆ ಇನ್ನೂ ಫಿಸಿಯೋಥೆರಪಿ ನಡೆದಿದೆ. ಮಾತು "ಆಂ" ದಾಟಿಲ್ಲ. ಡಾಕ್ಟರು ಈಗಲೂ ಹೇಳಲಾರೆ ಎನ್ನುತ್ತಾರೆ, ನನಗೂ ಮೊದಲಿನ ಸಿಟ್ಟಿಲ್ಲ. ಅವಳಷ್ಟು ನಂಬಿಕೆ ನನಗೆ ಬಂದಿದೆ ಎಂದರೆ ಸುಳ್ಳಾಗುತ್ತದೆ. ಆದರೆ ದಿನಾ ಡಬ್ಬಿಯನ್ನು ಅವಳ ಮುಂದೆ ಹಿಡಿದ ಮೇಲೆಯೇ ಒಲೆ ಹಚ್ಚುತ್ತೇನೆ. ಹಾಸಿಗೆ ಮೇಲೆ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆಯುತ್ತೇನೆ. ಆಯ್ದದ್ದನ್ನು ಡಬ್ಬಿಗೇ ಹಾಕುತ್ತೇನೆ, ನಮ್ಮ ಪಾತ್ರೆಗಲ್ಲ.