ಸೊಸಿ ಗಿಡಕ್ಕೆ ಬಂದ ಕಜ್ಜಿ

ಮಗಳ ಮನೆಗೆ ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಕಳೆದ ರವಿವಾರ ನಮ್ಮ ಸೋದರಮಾವ ಕೊಡಲಿ ತೆಗೆದುಕೊಂಡು ಹೋದ.

ಇಂಗಳೇಶ್ವರದಿಂದ ಮುಂಜಾನೆಯ ಬಸ್ಸಿಗೆ ಬಿಜಾಪುರಕ್ಕೆ ಬಂದು ನನ್ನ ಬಾಗಿಲಲ್ಲಿ ನಿಂತಾಗ ಅದು ಹಳೆಯ ಧೋತರದಲ್ಲಿ ಸುತ್ತಿಕೊಂಡು ಅವನ ಕಂಕುಳಲ್ಲಿತ್ತು. ಇಂಡಿಗೆ ಹೋಗಬೇಕು, ನೀನೂ ಬಾ ಎಂದ. ಚಹಾ ಮುಟ್ಟಲಿಲ್ಲ. (ಚಹಾ ಬೇಡ ಎನ್ನುವ ಮಾವನನ್ನು ನಾನು ಹಿಂದೆ ನೋಡಿಯೇ ಇಲ್ಲ.) ವಿಷಯ ಸೀರಿಯಸ್ ಇದೆ ಎಂದುಕೊಂಡು ಚಪ್ಪಲಿ ಮೆಟ್ಟಿದೆ.

ಇಂಡಿಯಲ್ಲಿ ಅವನ ಒಬ್ಬಳೇ ಮಗಳು ಶಾಂತಾ ಇದ್ದಾಳೆ. ಮದುವೆಯಲ್ಲಿ ಭಾಂಡೆ-ಪಾತ್ರೆ, ಗಾದಿ ಎಲ್ಲರೂ ಕೊಡುತ್ತಾರೆ. ಮಾವ ಅವುಗಳ ಜೊತೆ ನಿಂಬೆಸಸಿಗಳನ್ನೂ ಕೊಟ್ಟಿದ್ದ. ತಾನೇ ಬೀಜ ಊರಿ, ಕೂಸಿನ ಹಾಗೆ ಬೆಳೆಸಿದ ಸಸಿಗಳು. ಬೀಗರ ಲಾರಿಯಲ್ಲಿ ಹೆಣ್ಣಿನ ಜೊತೆಗೇ ಅವೂ ಹೋದವು.

ಶಾಂತಾ ಬಾವಿಯಿಂದ ಕೊಡ ಹೊತ್ತು ನೀರು ಹಾಕಿದಳು. ವರ್ಷಗಳ ನಂತರ ಕಾಯಿ ಬಿಟ್ಟಾಗ ಅವಳ ಅತ್ತೆ ಬಂದವರಿಗೆಲ್ಲ ತೋರಿಸಿ, ಇವು ನಮ್ಮ ಸೊಸಿ ಗಿಡ ಎನ್ನುತ್ತಿದ್ದರು. ಯಾವ ಸೊಸೆಗೆ ಅಷ್ಟು ಸುಲಭಕ್ಕೆ ಅಂಥ ಹೆಸರು ಸಿಗುತ್ತದೆ?

ಈ ಮಳೆಗಾಲದಲ್ಲಿ ಕಜ್ಜಿ ರೋಗ ಬಂತು. ಎಲೆಗೆ ಹಳದಿ ಅಂಚಿನ ಕಂದು ಚುಕ್ಕೆ. ಕಾಯಿಯ ಮೈತುಂಬ ಒರಟು ಕಲೆ, ಮೈಲಿಬೇನೆ ಎದ್ದು ಹೋದ ಮುಖದ ಹಾಗೆ. ರಸ ಅದೇ, ಹುಳಿ ಅದೇ. ಆದರೆ ಮಾರ್ಕೆಟ್ಟಿನಲ್ಲಿ ರಸ ಯಾರು ನೋಡುತ್ತಾರೆ? ಸೊಲ್ಲಾಪುರದ ದಲಾಲ ಚೀಲ ಬಿಚ್ಚಿದವನೇ ವಾಪಸ್ ಕಳಿಸಿದನಂತೆ.

ಸೈಕಲ್ ಮೇಲೆ ಬಂದ ಗ್ರಾಮಸೇವಕ ಗಿಡ ನೋಡಿದ. ರೋಗದ ಟೊಂಗೆ ಕಡಿದು ಸುಡಿರಿ, ಮೈಲುತುತ್ತ-ಸುಣ್ಣ ಸ್ಪ್ರೇ ಮಾಡಿರಿ, ಪೂರ್ತಿ ಹಿಡಿದ ಗಿಡ ತೆಗೆದೇ ಬಿಡಿರಿ ಎಂದ. ಇದು ಗಾಳಿ-ಮಳೆಯಲ್ಲಿ ಬರಬಹುದು, ಸಸಿಯ ಜೊತೆಗೂ ಬರಬಹುದು ಎಂದೂ ಹೇಳಿ ಹೋದ.

ಮನೆಯಲ್ಲಿ ಉಳಿದದ್ದು ಆ ಕೊನೆಯ ಮಾತು ಮಾತ್ರ. ಅತ್ತೆ ಈಗಲೂ 'ಸೊಸಿ ಗಿಡ' ಎನ್ನುತ್ತಾರೆ. ಹೆಸರು ಅದೇ. ಧ್ವನಿ ಬೇರೆ.

ದೇವಣಗಾಂವದ ಕಡೆಯೂ ನಿಂಬೆಗೆ ಇದೇ ಗತಿಯಂತೆ. ಅಲ್ಲಿಗೆ ಯಾವ ಸೊಸೆ ರೋಗ ಒಯ್ದಳು? ಹೊಸ ರೋಗ ಬಂದಾಗ ನಮಗೊಂದು ಕಾರಣ ಬೇಕು. ಸಿಗದಿದ್ದರೆ, ಮನೆಯಲ್ಲಿ ಹೊರಗಿನಿಂದ ಬಂದವಳು ಒಬ್ಬಳು ಇದ್ದೇ ಇರುತ್ತಾಳೆ.

ಶಾಂತಾ ತವರಿಗೆ ಒಂದು ಕಾರ್ಡೂ ಬರೆದಿರಲಿಲ್ಲ. ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಇಂಡಿಯ ಪರಿಚಯದವರೊಬ್ಬರು, ನಿಮ್ಮ ಗಿಡ ಬೀಗರ ತೋಟವನ್ನೇ ತಿಂದವಲ್ಲ ಎಂದು ನಗುತ್ತ ಹೇಳಿದಾಗಲೇ ಮಾವನಿಗೆ ಗೊತ್ತಾದದ್ದು.

ನಾವು ಹೋದಾಗ ಬೀಗರು, ಅಂದರೆ ಶಾಂತಾಳ ಮಾವ, ಕಂಬಳಿ ಹಾಸಿದರು. ನಮ್ಮ ಮಾವ ಕೂಡಲಿಲ್ಲ. ನೇರ ತೋಟಕ್ಕೆ ನಡೆದು, ಧೋತರ ಬಿಚ್ಚಿ, ಮೊದಲ ಗಿಡದ ಬುಡಕ್ಕೆ ಏಟು ಹಾಕಿದ. ಮುಳ್ಳು ಗೀರಿ ಮೊಳಕೈಯಲ್ಲಿ ರಕ್ತ ಬಂದರೂ ನಿಲ್ಲಿಸಲಿಲ್ಲ. ತಾನೇ ಬೆಳೆಸಿದ ಎರಡು ಗಿಡ ನೆಲಕ್ಕೆ ಮಲಗಿದವು. ಮತ್ತೊಂದಕ್ಕೆ ಕೊಡಲಿ ಎತ್ತಿದಾಗ ಶಾಂತಾ ಓಡಿ ಬಂದು ಗಿಡಕ್ಕೆ ಅಡ್ಡ ನಿಂತಳು.

"ಅಪ್ಪಾ, ನೀ ಕಡೀಬ್ಯಾಡ. ನೀ ಕಡದ್ರ ತಪ್ಪು ನಮ್ದ ಅಂತ ಒಪ್ಪಿಕೊಂಡಂಗ ಆಗತೈತಿ. ನಾಳಿಂದ ಆ ಮಾತು ಕೇಳಾಕಿ ನಾ."

ಕೊಡಲಿ ಇಳಿಯಿತು. ಹಿಂದೆ ನಿಂತಿದ್ದ ಬೀಗರು, "ಬಿಡ್ರಿ ಬೀಗರ, ಉಳಿದದ್ದು ನಾವ ಕಡೀತೀವಿ" ಎಂದರು. ಮರ್ಯಾದೆಯ ಮಾತೇ. ತಪ್ಪು ನಿಮ್ಮದಲ್ಲ ಎಂಬುದೊಂದು ಅದರಲ್ಲಿ ಇರಲಿಲ್ಲ.

ಕೈಕಾಲು ತೊಳೆಯಲು ಬಾವಿಗೆ ಹೋದೆ, ನೀರು ಸೇದಿಕೊಡಲು ಬೀಗರೂ ಬಂದರು. ದಂಡೆಯ ಮೇಲೆ ಬೀಗರ ತಂದೆ ನೆಟ್ಟ ಮುದಿ ನಿಂಬೆಗಿಡವಿತ್ತು. ಅದರ ಕಾಯಿಗೂ ಅದೇ ಕಲೆ. ಇದಕ್ಕೆ ಯಾವಾಗ ಬಂತು ಎಂದು ಕೇಳಿದೆ. ಬೀಗರು ಮನೆಯ ಕಡೆ ಒಮ್ಮೆ ನೋಡಿ, ಇದಕ್ಕೆ ಮೊದಲಿನಿಂದ ಅಷ್ಟಿಷ್ಟು ಇತ್ತು ಎಂದರು. ಮದುವೆಗಿಂತ ಮೊದಲೇ ಎಂದೆ. ಬೀಗರು ತುಂಬಿದ ಕೊಡ ಎತ್ತಿಕೊಂಡು ನಡೆದರು.

ಮರಳುವಾಗ ಬಸ್ಸಿನಲ್ಲಿ ತಡೆಯಲಾಗದೆ ಮಾವನಿಗೆ ಇದನ್ನು ಹೇಳಿದೆ. ಅವನಿಗೆ ಆಶ್ಚರ್ಯವಾಗಲಿಲ್ಲ. ಮನೆತನ ನೋಡಲು ಹೋದಾಗಲೇ ಆ ಕಲೆ ಕಂಡಿದ್ದನಂತೆ. ಆಗ ಅದು ರೋಗವೆಂದು ಯಾರಿಗೆ ಗೊತ್ತಿತ್ತು? ಸರಿ, ಇವತ್ತು ಗೊತ್ತಿತ್ತಲ್ಲ, ಯಾಕೆ ಬಾಯಿ ಬಿಡಲಿಲ್ಲ ಎಂದೆ.

ಅವನು ಧೋತರದ ಚುಂಗಿನಿಂದ ಮೊಳಕೈಯ ಗಾಯ ಒರೆಸಿಕೊಂಡ.

"ಹೇಳಿದ್ರ ಜಗಳ ಆಗೂದು. ಯಾರರ ಒಬ್ಬರದು ತಪ್ಪು ಆಗಬೇಕಲ್ಲೋ ತಮ್ಮಾ. ನಂದ ಆಗಲಿ. ನಾ ಏನು ಅಲ್ಲಿ ಇರಾಂವಲ್ಲ."

ನಿಜ, ಅವನು ಅಲ್ಲಿ ಇರುವವನಲ್ಲ. ಆದರೆ ಶಾಂತಾ?