ಸ್ನಾನದ ಹಂಡೆಯಲ್ಲಿ ಬಾವಿಯ ಮೀನು

ಬಚ್ಚಲಿನ ಹಂಡೆಯ ಮುಚ್ಚಳದ ಮೇಲೆ ರುಬ್ಬುವ ಗುಂಡುಕಲ್ಲು ಕೂತಿತ್ತು. ಒಳಗಿನ ಮೀನು ಹೊರಗೆ ಹಾರಬಾರದೆಂದು ದೊಡ್ಡಮ್ಮ ಇಟ್ಟದ್ದು. ಗಾಳಿ ಆಡಲೆಂದು ಮುಚ್ಚಳದ ಅಂಚಿಗೆ ಸೌದೆಯ ಚೂರೊಂದನ್ನು ಸಿಕ್ಕಿಸಿದ್ದರು.

ತೊಂಬತ್ತರ ದಶಕದ ಕೊನೆ. ಎಂಎಸ್ಸಿ ಮುಗಿಸಿ ವೇಣೂರಿನ ಬಳಿ ದೊಡ್ಡಮ್ಮನ ಮನೆಯಲ್ಲಿದ್ದೆ. ಮರುದಿನ ಅಲ್ಲಿನ ಶಾಲೆಯ ಮಕ್ಕಳಿಗೆ ಪರಿಸರ ವಿಜ್ಞಾನದ ಪದಗಳನ್ನು ವಿವರಿಸುವುದಿತ್ತು. ಉತ್ಪಾದಕ, ಭಕ್ಷಕ, ವಿಘಟಕ ಎಂದು ಬಾಯಿಪಾಠ ಮಾಡುತ್ತಿರುವಾಗ ಸುದ್ದಿ ಬಂತು: ಊರಲ್ಲಿ ವಾಂತಿಭೇದಿ, ಸಂಜೆ ಎಲ್ಲ ಬಾವಿಗಳಿಗೂ ಬ್ಲೀಚಿಂಗ್ ಪುಡಿ ಹಾಕುತ್ತಾರಂತೆ.

ಸೊಳ್ಳೆಮರಿ ತಿನ್ನಲೆಂದು ಬಾವಿಗೆ ಮೀನು ಬಿಡುವುದು ನಮ್ಮ ಕಡೆಯ ರೂಢಿ. ದೊಡ್ಡಮ್ಮನ ಬಾವಿಯಲ್ಲಿದ್ದದ್ದು ಬೆರಳುದ್ದದ ಒಂದೇ ಒಂದು.

"ಪುಡಿ ಬಿದ್ರೆ ಅದು ಸಾಯ್ತದೆ. ಹಂಡೆಗೆ ಹಾಕುವ" ಎಂದರು ದೊಡ್ಡಮ್ಮ. ಬುಟ್ಟಿಯಲ್ಲಿ ಅನ್ನವಿಟ್ಟು ಇಳಿಸಿ ಹಿಡಿದೆವು.

ಅಷ್ಟರಲ್ಲಿ ಪಕ್ಕದ ಬ್ಯಾರಿ ಮುಸ್ಲಿಮರ ಮನೆಯ ತಾಯಿ, ನಾವೆಲ್ಲ ಉಮ್ಮ ಎಂದು ಕರೆಯುವವರು, ಬಕೆಟ್ ಹಿಡಿದು ಬಂದರು. ಅದರಲ್ಲಿ ಮೊಳದುದ್ದದ ಮುಗುಡು ಮೀನು, ಮೀಸೆ ಸಮೇತ.

"ನಮ್ಮದಕ್ಕೂ ಜಾಗ ಉಂಟಾ?"

"ಉಂಟು ಮಾರಾಯ್ತಿ, ಹಾಕು. ಒಂದಕ್ಕೊಂದು ಜೊತೆಯಾಯ್ತು" ಎಂದರು ದೊಡ್ಡಮ್ಮ.

ನಾನು ಸಾಮಾನ್ಯವಾಗಿ ಹಿರಿಯರ ಮಾತಿಗೆ ಅಡ್ಡ ಬರುವವಳಲ್ಲ. ಆದರೆ ಅಂದು ಹಂಡೆಗೆ ಅಡ್ಡ ನಿಂತೆ. "ದೊಡ್ಡದು ಸಣ್ಣದನ್ನು ತಿಂತದೆ ದೊಡ್ಡಮ್ಮ. ಆಹಾರ ಸರಪಳಿಯಲ್ಲಿ ಅದು ಮೇಲಿನ ಭಕ್ಷಕ."

ಉಮ್ಮನಿಗೆ ಬೇಸರವಾಯಿತು. "ನಮ್ಮ ಮೀನು ಅಂಥದ್ದಲ್ಲ. ದಿನಾ ಅನ್ನ ತಿಂದು ಬೆಳೆದದ್ದು."

ದೊಡ್ಡಮ್ಮ ತಕ್ಷಣ ನನ್ನ ಪಕ್ಷಕ್ಕೆ ಬಂದರು. "ನಿನ್ನ ಬೆಕ್ಕು ಕೂಡ ಅನ್ನ ತಿಂದೇ ಬೆಳೆದದ್ದಲ್ವಾ? ನಮ್ಮ ಕೋಳಿಮರಿಯನ್ನು ಕಚ್ಚಿಕೊಂಡು ಹೋದದ್ದು ಯಾರು?"

ಉಮ್ಮ ನಕ್ಕುಬಿಟ್ಟರು. ಮನೆಗೆ ಹೋಗಿ ಬಿರಿಯಾನಿ ಮಾಡುವ ದೊಡ್ಡ ಪಾತ್ರೆ ಹೊತ್ತು ತಂದು, ಮುಗುಡನ್ನು ಅದರಲ್ಲಿ ಬಿಟ್ಟರು. ಪುಡಿಯ ವಾಸನೆ ಹೋಗುವವರೆಗೂ ಬಚ್ಚಲಲ್ಲಿ ಎರಡು ಪರಿಸರ ವ್ಯವಸ್ಥೆಗಳು. ಮನುಷ್ಯರಿಗೆ ಬಿಸಿನೀರಿಲ್ಲ.

ಮರುದಿನ ಬೆಳಿಗ್ಗೆ ಕಲ್ಲು ಇಳಿಸಿ ಮುಚ್ಚಳ ಸರಿಸಿದೆ. ಸಣ್ಣ ಮೀನು ಹಂಡೆಯ ಅಂಚಿನುದ್ದಕ್ಕೂ ಒಂದು ಸುತ್ತು ಹಾಕಿತು. ಸ್ನಾನದ ಆಸೆ ಬಿಟ್ಟು, ತಣ್ಣೀರಲ್ಲಿ ಮುಖ ತೊಳೆದು ಬಸ್ಸು ಹಿಡಿದೆ. ಶಾಲೆಯಲ್ಲಿ, ಒಂದು ಪದವನ್ನೂ ಬರೆಯುವ ಮೊದಲು, ಕಪ್ಪುಹಲಗೆಯ ಮೇಲೆ ಒಂದು ಹಂಡೆ, ಒಂದು ಬಿರಿಯಾನಿ ಪಾತ್ರೆ ಬಿಡಿಸಿದೆ.